ಕಂಬಳಿಯ ಮೇಲೆ ಹೇಳಿದ ಹೆಸರು

ಮಣಿಮೇಗಲೈ ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಬೇರೊಬ್ಬ ಹುಡುಗಿ ಕೂತಿದ್ದಾಳೆ. ಅಚ್ಚುಕಟ್ಟಾದ ಹುಡುಗಿ, ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ತವರಿಗೆ ಹೋದಾಗ, ಕಂಬಂ ಪೇಟೆಯ ಆ ಆಸ್ಪತ್ರೆಯ ಮುಂದೆ ಶೇರ್ ಆಟೋ ನಿಂತಾಗಲೆಲ್ಲ ನಾನು ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತೇನೆ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಕೇಸು ಇನ್ನೂ ಎಳೆದಾಡುತ್ತಿದೆ. ಮೇಲಾಗಿ, ಹೆಸರು ಹೇಳಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯವರು ಕಂಡು ಉಂಡಿದ್ದೇವೆ.

ಮಣಿಮೇಗಲೈ ನನ್ನ ದೊಡ್ಡಮ್ಮ ವೀರಮ್ಮಾಳ್‌ಗೆ ಒಬ್ಬಳೇ ಮಗಳು. ನನಗೆ ಅಕ್ಕ. ಅವಳು ಶಾಲೆಗೆ ಹೋಗುತ್ತಿದ್ದಾಗಲೇ ಅಪ್ಪ ತೀರಿಕೊಂಡರು. ಆಮೇಲೆ ಅವಳನ್ನು ಸಾಕಿದ್ದು ದೊಡ್ಡಮ್ಮ ಅರ್ಧ, ಅಪ್ಪನ ತಂಗಿ ಲಕ್ಷ್ಮಿಯಮ್ಮಾಳ್ ಅತ್ತೆ ಅರ್ಧ. ಅತ್ತೆಗೆ ಮಕ್ಕಳಿರಲಿಲ್ಲ. ದ್ರಾಕ್ಷಿ ತೋಟದಲ್ಲಿ ಚಪ್ಪರದ ಕೆಳಗೆ ಕತ್ತು ಎತ್ತಿ ಎತ್ತಿ ಗೊಂಚಲು ಕತ್ತರಿಸಿ ಬಂದವಳು, ಅದೇ ನೋಯುವ ಕತ್ತನ್ನು ಬಗ್ಗಿಸಿ ಕೂತು ಅಕ್ಕನಿಗೆ ಎರಡು ಜಡೆ ಹಾಕುತ್ತಿದ್ದಳು. ಅಕ್ಕ ಡಿಗ್ರಿ ಮುಗಿಸಿದಾಗ ಇಡೀ ಬೀದಿಗೆ ಕೇಸರಿಬಾತು ಹಂಚಿದವಳೂ ಅತ್ತೆಯೇ. ಅಕ್ಕನಿಗೆ ಮದುವೆ ಎರಡು ಸಲ ಕೂಡಿಬಂದು ತಪ್ಪಿತು. ಮೂರನೆಯ ಸಲ ಅವಳೇ ಬೇಡ ಅಂದಳು. ಅದಕ್ಕೆ ಅತ್ತೆ, "ಗಂಡ ಇಲ್ಲಾಂದ್ರೆ ಏನಾತು, ಏಸೀ ರೂಮಿನಾಗ ಕುರ್ಚಿ ಐತಲ್ಲ ನನ್ನ ಕಣ್ಣಿಗೆ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಕಣ್ಣು ಎಂದರೆ ನಮ್ಮಲ್ಲಿ ಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು.

ಆ ಕುರ್ಚಿ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನದು. ಸರ್ಕಾರದ ವಿಮೆ ಕಾರ್ಡು ಹಿಡಿದು ಬಂದವರನ್ನು ಕೂರಿಸಿ, ಹೆಸರು ವಿಳಾಸ ಕೇಳಿ, ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸಿ, ಫೋಟೋ ತೆಗೆದು ಒಳಗೆ ಕಳಿಸುವುದು ಅಕ್ಕನ ಕೆಲಸ. ಯಾವ ಕಾಯಿಲೆ, ಯಾವ ಚಿಕಿತ್ಸೆ, ವಿಮೆಯಿಂದ ಏನು ಕೇಳಬೇಕು ಎಂಬುದನ್ನೆಲ್ಲ ಮಹಡಿಯ ಮೇಲಿನ ಕೋಣೆಯಲ್ಲಿ ಬೇರೆಯವರು ಬರೆಯುತ್ತಿದ್ದರು. ಆ ಕೋಣೆಗೆ ಅಕ್ಕನಿಗೆ ಪ್ರವೇಶ ಇರಲಿಲ್ಲ.

ನಮ್ಮ ಮಂದಿ ಕನ್ನಡದ ಸೀಮೆ ಬಿಟ್ಟು ಈ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ಓದು ಬರಹವೆಲ್ಲ ತಮಿಳಿನಲ್ಲೇ. ನಾನು ಕನ್ನಡದ ಅಕ್ಷರ ಕಲಿತದ್ದು ಮದುವೆಯಾಗಿ ಹೊಸೂರಿಗೆ ಹೋದ ಮೇಲೆ, ಮಗಳ ಪಾಠಪುಸ್ತಕ ಇಟ್ಟುಕೊಂಡು. ನಮ್ಮ ಮುದುಕಿಯರಿಗೆ ತಮಿಳು ಚೆನ್ನಾಗಿಯೇ ಬರುತ್ತದೆ. ಆದರೂ ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದ ಕೂಡಲೇ ಅವರ ತಮಿಳು ಎಲ್ಲೋ ಓಡಿಹೋಗುತ್ತದೆ. ಬಾಗಿಲಲ್ಲೇ ನಿಂತು "ನಮ್ಮ ವೀರಮ್ಮನ ಮಗಳು ಎಲ್ಲವಳೆ?" ಎಂದು ಕೇಳುತ್ತಿದ್ದರು. ಅಕ್ಕ ಎದ್ದು ಹೋಗಿ ಕೈ ಹಿಡಿದು ಕರೆತರುತ್ತಿದ್ದಳು.

"ಎಲ್ಲಿ ನೋಯ್ತದೆ ಅತ್ತೆ?"

"ಮೊಣಕಾಲು ತಾಯೀ. ಏರಾಕೂ ಆಗಲ್ಲೆ, ಇಳಿಯಾಕೂ ಆಗಲ್ಲೆ."

ಅಷ್ಟು ಮಾತಿಗೇ ಅವರ ಅರ್ಧ ನೋವು ಇಳಿದು ಹೋಗುತ್ತಿತ್ತು ಎಂದು ಕಾಣುತ್ತದೆ. ಇದನ್ನು ಆಸ್ಪತ್ರೆಯ ಮ್ಯಾನೇಜರ್ ನೋಡಿದ. ಬಹಳ ಚುರುಕು ಮನುಷ್ಯ. ಆ ಚುರುಕುತನಕ್ಕೆ ಇಷ್ಟು ಬೆಂಕಿ ಹಾಕ ಎಂದು ನಾನು ಇವತ್ತಿಗೂ ಬೈಯುತ್ತೇನೆ. ಅವನು ಅಕ್ಕನನ್ನು ಕರೆಸಿ, ಊರೂರಿಗೆ ವ್ಯಾನು ಕಳಿಸಿ ಬಡವರಿಗೆ ಪುಕ್ಕಟೆ ಕ್ಯಾಂಪ್ ಮಾಡುತ್ತೇವೆ, ನಿಮ್ಮ ಮನೆಮಾತಿನಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿ ಕೊಡಮ್ಮಾ ಎಂದ. ಅಕ್ಕ ಹಿಗ್ಗಿಹೋದಳು. ನಮ್ಮ ಮಾತಿಗೆ ಯಾವ ಕಚೇರಿಯಲ್ಲಿ, ಯಾವ ಅಂಗಡಿಯಲ್ಲಿ ಬೆಲೆ ಇತ್ತು ಅಲ್ಲಿಯವರೆಗೆ? ದನ ಕರು ಬಿಟ್ಟರೆ ಮುದುಕಿಯರು, ಅಷ್ಟೇ ಅಲ್ಲವೇ ಅದನ್ನು ಕೇಳಿಸಿಕೊಳ್ಳುತ್ತಿದ್ದುದು.

ಹಾಗಾಗಿ ನಮ್ಮ ಬೀದಿಗಳಲ್ಲಿ ಅಕ್ಕನ ದನಿ ಮೈಕಿನಲ್ಲಿ ಕೇಳತೊಡಗಿತು. "ಬನ್ನಿ ಅತ್ತೆ, ಬನ್ನಿ ದೊಡ್ಡಮ್ಮ, ಕಾರ್ಡು ಎತ್ಕೊಂಡು ಬನ್ನಿ, ಕಾಸು ಬ್ಯಾಡ, ನಾ ಅಲ್ಲೇ ಇರ್ತೀನಿ." ವ್ಯಾನು ಓಡಿಸುತ್ತಿದ್ದವನು ಪಾಂಡಿ, ನಮ್ಮವನೇ, ಮೂರನೆಯ ಬೀದಿಯ ಆಂಡಿ ತಾತನ ಮಗ. ಹೆಂಗಸರು ಮದುವೆಗೆ ಹೊರಟ ಹಾಗೆ ಮಲ್ಲಿಗೆ ಮುಡಿದು ವ್ಯಾನು ಹತ್ತುತ್ತಿದ್ದರು. ಒಂದು ರಾತ್ರಿ ಹಾಸಿಗೆ, ಕೈಗೆ ಗ್ಲೂಕೋಸ್, ಸಾಂಬಾರನ್ನ, ಬಾಳೆಹಣ್ಣು. ಮಾರನೆಯ ದಿನ ಒಂದು ಪೊಟ್ಟಣ ಮಾತ್ರೆ ಹಿಡಿದು ವಾಪಸ್ಸು. ನೋವು ಹೋಗದಿದ್ದರೂ ಹೆಂಗಸರಿಗೆ ಸಂತೋಷ. ಒಂದು ದಿನ ಒಲೆ ಹಚ್ಚದೆ, ದನ ಕಟ್ಟದೆ ಮಲಗುವುದು ನಮ್ಮಲ್ಲಿ ಯಾವ ಹೆಂಗಸಿಗೆ ಸಿಗುತ್ತದೆ?

ಲಕ್ಷ್ಮಿಯಮ್ಮಾಳ್ ಅತ್ತೆಯೂ ಹೋದಳು, ಮೊಣಕಾಲು ನೋವೆಂದು. ಅವಳ ಬೆರಳು ತೋಟದ ಕೆಲಸಕ್ಕೆ ಸವೆದು ಯಂತ್ರಕ್ಕೆ ಹಿಡಿಯಲಿಲ್ಲವಂತೆ. ಅಕ್ಕನೇ ತನ್ನ ಸೀರೆಯ ಸೆರಗಿನಿಂದ ಒರೆಸಿ, ಒತ್ತಿ ಹಿಡಿದು, ಮತ್ತೆ ಮತ್ತೆ ಪ್ರಯತ್ನ ಮಾಡಿ ಹಿಡಿಸಿದಳು. ಒಳಗೆ ಮಲಗಿಸಿ ಮುಖಕ್ಕೆ ಮಾಸ್ಕು ಹಾಕಿ ಫೋಟೋ ತೆಗೆದರು. ಅತ್ತೆ ಊರಿಗೆ ಬಂದು, "ನನ್ನ ಕಲ್ಯಾಣದಾಗೂ ಇಷ್ಟು ಪೋಟಾ ಯಾರೂ ತೆಗೀಲಿಲ್ಲೆ" ಎಂದು ಎಲ್ಲರನ್ನೂ ನಗಿಸಿದಳು. ಮೊಣಕಾಲು ನೋವಿಗೆ ಮುಖಕ್ಕೆ ಮಾಸ್ಕು ಯಾಕೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ದ್ರಾಕ್ಷಿ ಬಳ್ಳಿ ಸವರುವ ಕಾಲ ಬಂತು. ಒಂದು ಬೆಳಿಗ್ಗೆ ತೋಟದಲ್ಲೇ ಅತ್ತೆಗೆ ಎದೆ ಹಿಡಿದುಕೊಂಡಿತು. ಅಕ್ಕ ರಜೆ ಹಾಕಿ, ಕಾರು ಮಾಡಿಸಿ ತೇನಿಗೆ ಕರೆದುಕೊಂಡು ಹೋದಳು. ಅಲ್ಲಿ ಹೃದಯದ ದೊಡ್ಡ ಡಾಕ್ಟರಿದ್ದಾರೆ, ಕಾರ್ಡೂ ನಡೆಯುತ್ತದೆ ಎಂದು. ಆ ಆಸ್ಪತ್ರೆಯ ಕೌಂಟರಿನಲ್ಲೂ ಅಕ್ಕನಂಥದೇ ಒಬ್ಬ ಹುಡುಗಿ. ಕಾರ್ಡು ಹಾಕಿ ನೋಡಿದವಳು ತಲೆ ಎತ್ತಿದಳು. ಈ ವರ್ಷದ ವಿಮೆ ಹಣ ಮುಗಿದು ಹೋಗಿದೆ, ಇವರಿಗೆ ಕಂಬಂನಲ್ಲೇ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರಲ್ಲ ಎಂದಳು.

ಸ್ಟ್ರೆಚರಿನ ಮೇಲಿದ್ದ ಅತ್ತೆಗೆ ಆ ಮಾತು ಕೇಳಿಸಿತು. ನೋವಿನಲ್ಲೂ ಅವಳಿಗೆ ನಗು ಬಂತಂತೆ. "ನನ್ನ ಎದೆ ಬಗೆದೋರು ಯಾರು ಕಣ್ಣು? ನಂಗೇ ತಿಳೀದಂಗೆ?"

ಅಕ್ಕ ಆಗ ಏನು ಉತ್ತರ ಕೊಟ್ಟಳೋ ಅವಳಿಗೇ ನೆನಪಿಲ್ಲ. ಸರ್ಕಾರಿ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿಯ ಡಾಕ್ಟರುಗಳು ಕೈಲಾದದ್ದೆಲ್ಲ ಮಾಡಿದರು, ಆ ಮಾತನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೆ ಸಾಗಿಸುವುದರಲ್ಲಿ ಹೋದ ಹೊತ್ತು ಹೋಯಿತು. ಮಾರನೆಯ ದಿನ ಅತ್ತೆ ತೀರಿಕೊಂಡಳು. ಸ್ವಲ್ಪ ಮುಂಚೆ ಚಿಕಿತ್ಸೆ ಸಿಕ್ಕಿದ್ದರೆ ಉಳಿಯುತ್ತಿದ್ದಳೇ ಎಂದು ಅಕ್ಕ ಡಾಕ್ಟರನ್ನು ಕೇಳಿದಳು. ಅವರು, "ಹೇಳಲಿಕ್ಕೆ ಆಗುವುದಿಲ್ಲಮ್ಮಾ" ಎಂದರು. ಉಳಿಯುತ್ತಿರಲಿಲ್ಲ ಎಂದುಬಿಟ್ಟಿದ್ದರೆ ಅಕ್ಕ ಬದುಕಿಕೊಳ್ಳುತ್ತಿದ್ದಳು. ಉಳಿಯುತ್ತಿದ್ದಳು ಎಂದಿದ್ದರೆ ಒಂದು ಸಲ ಗಟ್ಟಿಯಾಗಿ ಅತ್ತು ಮುಗಿಸುತ್ತಿದ್ದಳೋ ಏನೋ. ಎರಡೂ ಅಲ್ಲದ ಆ ಮಾತನ್ನು ಅವಳು ಊರಿಗೆ ಹೊತ್ತು ತಂದಳು.

ಹದಿನಾರನೆಯ ದಿನದ ಕಾರ್ಯ ಮುಗಿಯಿತು. ಅಕ್ಕ ಮತ್ತೆ ಅದೇ ಕುರ್ಚಿಯಲ್ಲಿ ಹೋಗಿ ಕೂತಳು. ವ್ಯಾನಿನಲ್ಲಿ ಅವಳ ದನಿ ಇನ್ನೂ "ಬನ್ನಿ ಅತ್ತೆ" ಎಂದು ಕರೆಯುತ್ತಲೇ ಇತ್ತು. ಈಗ ಅವಳು ಪ್ರತಿ ಮುದುಕಿಯನ್ನೂ ನೋಡುವ ರೀತಿ ಬೇರೆಯಾಗಿತ್ತು. ಕೆಮ್ಮಿಗೆಂದು ಬಂದವಳನ್ನು ಒಳಗೆ ಯಾವ ವಾರ್ಡಿಗೆ ಕಳಿಸುತ್ತಾರೆ, ಯಾರ ಮುಖಕ್ಕೆ ಮಾಸ್ಕು ಹಾಕುತ್ತಾರೆ ಎಂದು ಗಮನಿಸಿದಳು. ಹೊರಟು ನಿಂತವರನ್ನು ಮಾತಾಡಿಸುವ ನೆಪದಲ್ಲಿ ಹೊಟ್ಟೆಗೆ ಏನಾದರೂ ಹೊಲಿಗೆ ಹಾಕಿದರಾ ಎಂದು ವಿಚಾರಿಸಿದಳು. ಹೊಲಿಗೆ ಯಾರಿಗೂ ಇರಲಿಲ್ಲ. ಮಾಡದ ಆಪರೇಷನ್ನುಗಳಿಗೆ ಇವರ ಕಾರ್ಡಿನಿಂದ ಹಣ ಎಳೆಯುತ್ತಿದ್ದಾರೆ ಎಂದು ಅವಳಿಗೆ ಮನದಟ್ಟಾಯಿತು.

ಒಂದು ಭಾನುವಾರ ನಮ್ಮ ತೋಟಕ್ಕೆ ಬಂದು, ಚಪ್ಪರದ ಕೆಳಗೆ ಒಬ್ಬಳೇ ಕೂತು, ಕಾರ್ಡಿನ ಹಿಂದೆ ಇದ್ದ ಪುಕ್ಕಟೆ ನಂಬರಿಗೆ ಫೋನ್ ಮಾಡಿದಳು. ಬಳ್ಳಿಗೆ ಔಷಧಿ ಹೊಡೆಯುವ ಯಂತ್ರದ ಸದ್ದಿಗೆ ಅಲ್ಲೇ ಇದ್ದ ನನ್ನ ತಮ್ಮನಿಗೂ ಏನೂ ಕೇಳಿಸಲಿಲ್ಲ. ಅಲ್ಲಿಂದ ದಿಂಡಿಗಲ್‌ನಲ್ಲಿ ಕೂರುವ ಜೆಯರಾಜ್ ಎಂಬ ತನಿಖೆಯ ಅಧಿಕಾರಿಗೆ ವಿಷಯ ಹೋಯಿತು. ಅವರು ಅಕ್ಕನನ್ನು ಕಚೇರಿಗೆ ಕರೆಸಿಕೊಂಡರು. ಯಾರದೋ ಮದುವೆಗೆ ಸೀರೆ ತರುತ್ತೇನೆಂದು ಮನೆಯಲ್ಲಿ ಹೇಳಿ ಅಕ್ಕ ಬಸ್ಸು ಹತ್ತಿದಳು.

ಜೆಯರಾಜ್ ಒಳ್ಳೆಯ ಮನುಷ್ಯ. ಅವರ ಬಗ್ಗೆ ನಾನು ಮಾತ್ರವಲ್ಲ, ಅಕ್ಕನೂ ಒಂದು ಕೆಟ್ಟ ಮಾತಾಡಿಲ್ಲ. ಅವರು ಅವಸರ ಮಾಡಲಿಲ್ಲ. ಕಣ್ಣಾರೆ ಕಂಡದ್ದನ್ನಷ್ಟೇ ಹೇಳಿ, ಊಹೆಯನ್ನು ಸೇರಿಸಬೇಡಿ ಅಂದರು. ಬಿಲ್ಲಿನಲ್ಲಿ ಕೆಲವು ಸಲ ನಿಜವಾಗಿಯೂ ಕೈತಪ್ಪು ಆಗಿರುತ್ತದೆ, ಮೋಸವೋ ತಪ್ಪೋ ಎಂದು ತೀರ್ಮಾನಿಸುವುದು ನಮ್ಮ ಕೆಲಸ, ಅದನ್ನು ನೀವು ತಲೆ ಮೇಲೆ ಹೊತ್ತುಕೊಳ್ಳಬೇಡಿ ಅಂದರು. ಆಸ್ಪತ್ರೆಯ ಕಂಪ್ಯೂಟರಿನಿಂದ ಒಂದು ಚೂರನ್ನೂ ನಿಮ್ಮ ಫೋನಿಗೆ ಇಳಿಸಿಕೊಳ್ಳಬೇಡಿ, ರೋಗಿಗಳ ಕಾಗದ ಮನೆಗೆ ತರಬೇಡಿ, ನಾವೇ ಬಂದು ತೆಗೆಯುತ್ತೇವೆ. ಅಲ್ಲಿ ಯಾರ ಜೊತೆಯೂ ಜಗಳಕ್ಕೆ ನಿಲ್ಲಬೇಡಿ. ಎಂದಿನ ಹಾಗೆ ಕೆಲಸಕ್ಕೆ ಹೋಗಿ. ಕೊನೆಗೆ, "ಯಾರ್‌ಕಿಟ್ಟೆಯುಂ ಸೊಲ್ಲಾದೀಂಗಮ್ಮಾ. ಯಾರಿಗೂ ಹೇಳಬೇಡಿ. ನಿಮ್ಮ ಹೆಸರು ನಮ್ಮ ಬಾಯಿಂದ ಹೊರಗೆ ಹೋಗುವುದಿಲ್ಲ. ನಿಮ್ಮ ಬಾಯಿಂದಲೂ ಹೋಗಬಾರದು" ಎಂದರು.

ಅಕ್ಕನಿಗೆ ಬೇಕಾಗಿದ್ದುದೂ ಅದೊಂದೇ. ಹೆಸರು ಹೊರಗೆ ಬಂದರೆ ಕೆಲಸ ಹೋಗುತ್ತದೆ, ಹೋಗಲಿ. ಆದರೆ ನಮ್ಮ ಬೀದಿ ಹೋಗುತ್ತದೆ. ಆಸ್ಪತ್ರೆಯ ಕಟ್ಟಡ ನಮ್ಮವನೇ ಆದ ಸೇಕರ್‌ನದು. ನಮ್ಮ ಹಿರಿಯರ ಸಾಲಿನಲ್ಲಿ ಕೂರುವ ಮನುಷ್ಯ, ಅರ್ಧ ಊರಿನ ಮದುವೆಗೆ ಮುಂದೆ ನಿಂತವನು. ಅದಕ್ಕಿಂತ ಹೆಚ್ಚಾಗಿ, ತಮ್ಮನ್ನು ಮೈಕಿನಲ್ಲಿ ಕರೆದವಳು ಇವಳೇ, ಬೆರಳು ಒತ್ತಿಸಿಕೊಂಡವಳೂ ಇವಳೇ ಎಂದು ಆ ಹೆಂಗಸರು ಅವಳನ್ನು ನೋಡುವ ನೋಟವನ್ನು ಅಕ್ಕ ಯೋಚಿಸಿಯೇ ಬೆವರುತ್ತಿದ್ದಳು.

ಒಬ್ಬಳಿಗೆ ಮಾತ್ರ ಹೇಳಿದಳು. ದಿನಾ ತಟ್ಟೆಯಲ್ಲಿ ಅನ್ನ ಕೆದಕಿ ಎದ್ದುಹೋಗುವ ಮಗಳನ್ನು ನೋಡಿ ದೊಡ್ಡಮ್ಮ, "ಹೊಟ್ಟೆಯಾಗ ಏನೋ ಕಟ್ಕೊಂಡಿದ್ದೀಯ. ಎತ್ತೋಳಿಗೆ ಹೇಳ್ದೆ ಇನ್ಯಾರ್ಗೆ ಹೇಳ್ತೀಯಾ?" ಎಂದು ಗೋಗರೆದಳು. ಅಕ್ಕ ಹೇಳಿಬಿಟ್ಟಳು. ದೊಡ್ಡಮ್ಮ ಬಾಯಿಗೆ ಸೆರಗು ಹಿಡಿದು ಅತ್ತು, ಆಮೇಲೆ ಆ ಮಾತನ್ನು ನನ್ನ ಅಮ್ಮನ ಹತ್ತಿರವೂ ಆಡಲಿಲ್ಲ. ಒಡಹುಟ್ಟಿದ ತಂಗಿಯ ಹತ್ತಿರ ನುಂಗಿಕೊಂಡವಳು ಎಂದರೆ ನೀವೇ ಯೋಚಿಸಿ.

ಒಂದು ದಿನ ಹೇಳದೆ ಕೇಳದೆ ಅಧಿಕಾರಿಗಳು ಬಂದು ಆಸ್ಪತ್ರೆಯ ಮಹಡಿ ಕೋಣೆಗೆ ಬೀಗ ಹಾಕಿದರು. ಕಂಪ್ಯೂಟರು ತೆಗೆದುಕೊಂಡು ಹೋದರು. ವ್ಯಾನು ನಿಂತಿತು, ಮೈಕು ಬಾಯಿ ಮುಚ್ಚಿತು. ಅಕ್ಕ ಎಲ್ಲರ ಜೊತೆ ಗಾಬರಿಯಾದವಳ ಹಾಗೆ ನಿಂತಿದ್ದಳು. ಜೆಯರಾಜ್ ಅವಳ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಎಲ್ಲ ಅವರು ಹೇಳಿದ ಹಾಗೆಯೇ ನಡೆಯುತ್ತಿತ್ತು.

ಆದರೆ ಬಂದವರಲ್ಲಿ ಒಬ್ಬರು ಹೊರಗೆ ನಿಂತಿದ್ದ ಪಾಂಡಿಯನ್ನು ಕರೆದು ಹಳ್ಳಿಗಳ ದಾರಿ ಕೇಳಿದರು. ಅವನು ಪಾಪ, ಕೈ ತೋರಿಸಿ ತೋರಿಸಿ ವಿವರಿಸಿದ. ಅದನ್ನು ಮ್ಯಾನೇಜರ್ ಮಹಡಿಯಿಂದ ಕಂಡ. ಆ ವಾರವೇ ಪಾಂಡಿಯ ಕೆಲಸ ಹೋಯಿತು. ಮುಂದಿನ ವಾರ ಟೀ ಅಂಗಡಿಯ ಹತ್ತಿರ ಯಾರೋ ಗುರುತಿಲ್ಲದವರು ಅವನನ್ನು ಎಳೆದು ಹೊಡೆದರು. ಎಡಗೈ ಮುರಿಯಿತು. ಬೀದಿಯಲ್ಲಿ ಜನ ಅವನ ಹೆಂಡತಿಯ ಹತ್ತಿರ ಮಾತು ಬಿಟ್ಟರು. ಚೆನ್ನಾಗಿ ನಡೀತಿದ್ದ ಆಸ್ಪತ್ರೆಗೆ ಕಲ್ಲು ಹಾಕಿದ, ಇನ್ನು ನಮ್ಮ ಕಾರ್ಡೆಲ್ಲ ರದ್ದು, ಬೆರಳು ಇಟ್ಟವರನ್ನೆಲ್ಲ ಪೋಲೀಸು ಹಿಡಿಯುತ್ತದೆ ಎಂದು ಉಪ್ಪು ಖಾರ ಹಚ್ಚಿ ಮಾತು ಹರಡಿತು. ಹರಡಿದವರು ಯಾರು ಎಂದು ಹೇಳಬೇಕಾಗಿಲ್ಲ.

ಅಕ್ಕ ಜೆಯರಾಜ್‌ಗೆ ಫೋನ್ ಮಾಡಿ, ನನ್ನ ಏಟನ್ನು ಅವನು ತಿನ್ನುತ್ತಿದ್ದಾನೆ, ನಾನೇ ಎಂದು ಹೇಳಿಬಿಡುತ್ತೇನೆ ಎಂದು ಅತ್ತಳು. ಅವರು ತಡೆದರು. ಪಾಂಡಿಯಿಂದ ಪೋಲೀಸಿಗೆ ದೂರು ಕೊಡಿಸುತ್ತೇನೆ, ಅವನ ರಕ್ಷಣೆಗೆ ನಾನೇ ಬರೆಯುತ್ತೇನೆ. ಹಳ್ಳಿಯ ಹೆಂಗಸರು ಒಬ್ಬೊಬ್ಬರಾಗಿ ನಿಜ ಹೇಳಲು ಒಪ್ಪುತ್ತಿದ್ದಾರೆ, ಅವರ ಹೇಳಿಕೆ ಬರೆದುಕೊಂಡು ಮುಗಿಯುವವರೆಗೆ ತಾಳಿ ಎಂದರು. ಅಕ್ಕ ತಾಳಿದಳು.

ಪೋಲೀಸಿಗೆ ಹೋಗು ಎಂದರೆ ಪಾಂಡಿ ಹೋಗಲಿಲ್ಲ. ಅವನ ಅಪ್ಪ ಆಂಡಿ ತಾತ ಹೋದದ್ದು ಹಿರಿಯರ ಮನೆಗೆ. "ನನ್ನ ಮಗನ ಮೇಲೆ ಹಳಿ ಬಂದದೆ, ಇಲ್ಲದ ಅಪವಾದ. ಕಂಬಳಿ ಹಾಸಿ" ಎಂದ.

ಕಂಬಳಿ ಎಂದರೆ ನಮ್ಮವರಿಗೆ ಏನು ಎಂಬುದನ್ನು ಹೇಳಬೇಕು. ದೇವಸ್ಥಾನದ ಮಂಟಪದಲ್ಲಿ ಕರಿಯ ಉಣ್ಣೆ ಕಂಬಳಿ ಹಾಸಿ, ಅದರ ಮೇಲೆ ನೀರು ತುಂಬಿದ ಹಿತ್ತಾಳೆ ಕಲಶ ಇಟ್ಟು, ಹೂ ಏರಿಸುತ್ತಾರೆ. ಹಿರಿಯರು ಸುತ್ತ ಕೂರುತ್ತಾರೆ. ಆ ಕಲಶ ಮುಟ್ಟಿ ಆಡಿದ ಮಾತು ಕೊನೆಯ ಮಾತು. ಸುಳ್ಳು ಹೇಳಿ ಮುಟ್ಟಿದವರ ವಂಶ ನಿಲ್ಲುವುದಿಲ್ಲ, ಮುಟ್ಟಿದ ಕೈ ಉಳಿಯುವುದಿಲ್ಲ ಎಂದು ನಂಬಿಕೆ. ಈಗ ಕಂಬಳಿ ಹಾಸುವುದು ಅಪರೂಪ. ಪಾಲು ಪತ್ತಿಗೆಲ್ಲ ಜನ ಕೋರ್ಟಿಗೇ ಹೋಗುತ್ತಾರೆ. ನಾನು ಇದನ್ನೆಲ್ಲ ನಂಬುತ್ತೇನೆಯೇ ಎಂದರೆ, ಹೊಸೂರಿನಲ್ಲಿ ನಂಬುವುದಿಲ್ಲ. ಆ ಮಂಟಪದ ಮೆಟ್ಟಿಲ ಮೇಲೆ ಕೂತಾಗ ನಂಬುತ್ತೇನೆ.

ಆ ವಾರ ನಾನು ತವರಲ್ಲಿದ್ದೆ. ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೂತಿದ್ದೆವು. ಪಾಂಡಿ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಬಂದು, ಬಲಗೈಯಲ್ಲಿ ಕಲಶ ಮುಟ್ಟಿದ. "ನಾ ಹೇಳ್ಲಿಲ್ಲೆ. ಯಾವ ಆಪೀಸರ್ಗೂ ನಾ ಏನೂ ಹೇಳ್ಲಿಲ್ಲೆ. ದಾರಿ ಕೇಳಿದ್ರು, ದಾರಿ ತೋರಿಸ್ದೆ. ಅಷ್ಟೇ ಸಾಮಿ." ಆಂಡಿ ತಾತ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡ. ಹಿರಿಯರು, "ಸರಿ, ಪಾಂಡಿ ಮೇಲೆ ತಪ್ಪಿಲ್ಲೆ" ಎಂದರು. ಅಲ್ಲಿಗೆ ಮುಗಿಯಬೇಕಿತ್ತು.

ಸೇಕರ್ ಗಂಟಲು ಸರಿಮಾಡಿಕೊಂಡ. ಬಿಳಿ ಅಂಗಿ, ಹಣೆಗೆ ವಿಭೂತಿ, ಮಾತು ಬೆಣ್ಣೆ. "ಅಂಗಾರೆ ಹೇಳಿದ್ಯಾರು? ಆಸ್ಪತ್ರಿಯಾಗ ಕೆಲಸ ಮಾಡೋ ನಮ್ಮೋರು ಇನ್ನೂ ಇಬ್ರು ಮೂವರು ಅವ್ರೆ. ಕಂಬಳಿ ಹಾಸಿದ್ದಾತು. ಎಲ್ಲರೂ ಒಂದ್ಸಲ ಮುಟ್ಬುಡ್ಲಿ. ಯಾರ ಮನಸ್ನಾಗೂ ಸಂದೇಗ ಬ್ಯಾಡ." ಯಾರಿಗೂ ಬೇಡ ಎನ್ನಲು ಬಾಯಿ ಬರಲಿಲ್ಲ. ಬೇಡ ಎಂದವರೇ ಕಳ್ಳರಾಗುತ್ತಾರಲ್ಲ.

ಅಕ್ಕನಿಗೆ ಇದು ಬರುತ್ತದೆಂದು ಮೊದಲೇ ಗೊತ್ತಿತ್ತು. ಬೆಳಿಗ್ಗೆಯೇ ದೊಡ್ಡಮ್ಮನಿಗೆ ಹೇಳಿ ಬಂದಿದ್ದಳು: "ಅಮ್ಮಾ, ಕರೆದ್ರೆ ನಾ ಮುಟ್ತೀನಿ. ನಾನಲ್ಲ ಅಂತೀನಿ. ಅತ್ತೆಗೋಸ್ಕರ ಅಂತೀನಿ. ನೀ ಬಾಯಿ ಬಿಡ್ಬ್ಯಾಡ." ದೊಡ್ಡಮ್ಮ ತಲೆಯಾಡಿಸಿದ್ದಳು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ನಾನು ಕಂಡದ್ದು ಇಷ್ಟೇ. ಜವಾನಿಕೆ ಮಾಡುವ ಹುಡುಗನೊಬ್ಬ ಮುಟ್ಟಿ ಬಂದ. ಅಕ್ಕನ ಹೆಸರು ಕೂಗಿದರು. ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಯಾವ ಅಳುಕೂ ಇಲ್ಲದೆ ಕಂಬಳಿಯ ಅಂಚಿಗೆ ಹೋಗಿ ನಿಂತಳು. ಬಗ್ಗಿದಳು. ಕೈ ಚಾಚಿದಳು.

"ಮುಟ್ಬ್ಯಾಡ ಕಣ್ಣೂ!"

ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಯಾವಾಗ ಎದ್ದಳೋ ನನಗೆ ತಿಳಿಯಲಿಲ್ಲ. ಮೆಟ್ಟಿಲು ಎಡವುತ್ತ ಹೋಗಿ ಮಗಳ ಕೈಯನ್ನು ಹಿಂದಕ್ಕೆ ಎಳೆದು ತನ್ನ ಹೊಟ್ಟೆಗೆ ಒತ್ತಿಕೊಂಡಳು.

"ಇವಳೇ ಸಾಮಿ. ನನ್ನ ಮಗಳೇ ಹೇಳಿದ್ದು. ನಮ್ಮ ಲಕ್ಷ್ಮಿ ಸತ್ತಳಲ್ಲ, ಆ ಹೊಟ್ಟೆಯುರಿಗೆ ಹೇಳ್ಬುಟ್ಟಳು. ಇವಳ ಕೈಲಿ ಸುಳ್ಳು ಪೊಯ್ ಹೇಳಿಸಿ ಮುಟ್ಟಿಸ್ಬ್ಯಾಡಿ. ಒಂದೇ ಕೈಗೂಸು ಸಾಮಿ ನಂಗೆ, ಇರೋದು ಒಂದೇ."

ಅಕ್ಕ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಸಿಟ್ಟು ಇತ್ತು ಎಂದು ನಾನು ಬರೆಯಬಹುದಾಗಿದ್ದರೆ ಚೆನ್ನಾಗಿತ್ತು. ಸಿಟ್ಟಿರಲಿಲ್ಲ. ಬಹಳ ದೂರ ಹೊತ್ತುಕೊಂಡು ಬಂದ ನೀರಿನ ಕೊಡ ಹೊಸಲಲ್ಲಿ ಒಡೆದರೆ ಹೇಗೆ ನಿಲ್ಲುತ್ತೇವೆ, ಹಾಗೆ ನಿಂತಿದ್ದಳು.

ಸೇಕರ್ ಒಂದು ಕೆಟ್ಟ ಮಾತಾಡಲಿಲ್ಲ. ಬೇಕಾಗಿಯೂ ಇರಲಿಲ್ಲ. ಮೆಟ್ಟಿಲ ಮೇಲಿದ್ದ, ವರಸೆಯಲ್ಲಿ ನಮಗೆ ಚಿಕ್ಕಮ್ಮನಾಗುವ ಜೆಯಲಕ್ಷ್ಮಿ ಚಿತ್ತಿ, ಮೊದಲ ವ್ಯಾನಿನಲ್ಲೇ ಹೋಗಿ ಬಂದಿದ್ದವಳು, ಅವಳೇ ಕೇಳಿದಳು: "ವ್ಯಾನಿನಾಗ ನಮ್ಮನ್ನ ಕರೆದೋಳೂ ನೀನೇ, ಈಗ ಹಿಡಿದು ಕೊಟ್ಟೋಳೂ ನೀನೇ ಏನೇ ಮಣಿ?" ಅಕ್ಕ ಹೌದು ಎನ್ನುವ ಹಾಗೆ ತಲೆಯಾಡಿಸಿದಳು.

ನನಗೆ ಮೈ ಉರಿದುಹೋಯಿತು. ಎದ್ದು ನಿಂತು, ನಿಮ್ಮ ಹೊಟ್ಟೆ ಕೊಯ್ದಿದ್ದೇವೆ ಎಂದು ಸುಳ್ಳು ಬರೆದುಕೊಂಡವರನ್ನು ಯಾಕೆ ಕರೆಸಿ ಈ ಕಲಶ ಮುಟ್ಟಿಸುವುದಿಲ್ಲ ಎಂದು ಕೂಗಿದೆ. ಹೊರಗಿಂದ ಬಂದೋಳು ಸುಮ್ಮನಿರಮ್ಮಾ ಎಂದರು ಹಿರಿಯರು. ನಾನು ಅದೇ ಬೀದಿಯಲ್ಲಿ ಹುಟ್ಟಿದವಳು.

ಆಮೇಲೆ ನಡೆದದ್ದಕ್ಕೆ ಹೆಚ್ಚು ಮಾತು ಬೇಡ. ಅಕ್ಕನ ಕೆಲಸ ಆ ದಿನವೇ ಹೋಯಿತು. ನಾವು ಹೆದರಿದ್ದ ಹಾಗೆ ಹೊಡೆಯಲು ಯಾರೂ ಬರಲಿಲ್ಲ. ಬದಲಿಗೆ, ಜೆಯರಾಜ್ ಹತ್ತಿರ ನಿಜ ಹೇಳುತ್ತೇವೆಂದು ಒಪ್ಪಿದ್ದ ಹೆಂಗಸರು ಒಬ್ಬೊಬ್ಬರಾಗಿ ಮಾತು ಬದಲಿಸಿದರು. ತನಗೆ ನಿಜಕ್ಕೂ ಆಪರೇಷನ್ ಆಗಿದೆ ಎಂದು ಜೆಯಲಕ್ಷ್ಮಿ ಚಿತ್ತಿ ಹಳೆಯ ಹೆರಿಗೆಯ ಹೊಲಿಗೆ ಗುರುತನ್ನು ಅಧಿಕಾರಿಗಳಿಗೆ ತೋರಿಸಿದಳಂತೆ. ಅವರನ್ನೂ ಬೈಯಲಾರೆ. ಅವರ ಬೆರಳು ಯಂತ್ರದೊಳಗಿದೆ, ಅದನ್ನು ಹಿಡಿದು ತಮ್ಮನ್ನೇ ಜೈಲಿಗೆ ಎಳೆಯುತ್ತಾರೆ ಎಂದು ನಂಬಿದ್ದರು. ಹಾಗಲ್ಲ ಎಂದು ಅವರ ಮಾತಿನಲ್ಲಿ ಹೇಳಬೇಕಾಗಿದ್ದವಳು ಅಕ್ಕ. ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಪಾಂಡಿ ಒಬ್ಬನು ಬಂದ. ಬಾಗಿಲಲ್ಲಿ ನಿಂತು, "ಮೊದ್ಲೇ ನನ್ನತ್ರ ಹೇಳಿದ್ರೆ ನಾನೇ ಅಂತ ಒಪ್ಕೋತಿದ್ದೆನಕ್ಕಾ, ಹೆಂಗೂ ಕೈ ಮುರಿದಿತ್ತು" ಎಂದು ಹೇಳಿ ಹೋದ. ಅದಕ್ಕೆ ಮಾತ್ರ ಅಕ್ಕ ಅತ್ತಳು.

ಬೀದಿಯ ನಲ್ಲಿಯಲ್ಲಿ ದೊಡ್ಡಮ್ಮನ ಕೊಡವನ್ನು ಪಕ್ಕಕ್ಕೆ ಸರಿಸಿದ ದಿನ ಅಕ್ಕ ಮನೆ ಖಾಲಿ ಮಾಡಿದಳು. ಈಗ ತಾಯಿ ಮಗಳು ದಿಂಡಿಗಲ್‌ನಲ್ಲಿದ್ದಾರೆ. ಅಕ್ಕ ಜವಳಿ ಅಂಗಡಿಯಲ್ಲಿ ಗಿರಾಕಿಗಳು ಕೆದರಿಹೋದ ಸೀರೆಗಳನ್ನು ಮಡಚಿಡುತ್ತಾಳೆ. ಓದಿದವಳೆಂದು ಮಾಲೀಕರು ಬಿಲ್ಲಿನ ಕೌಂಟರಿಗೆ ಕರೆದರು, ಇವಳು ಹೋಗಲಿಲ್ಲ.

ದೊಡ್ಡಮ್ಮನದು ಒಂದೇ ಮಾತು. ಅವಳಿಗೆ ಆಗಿಹೋದದ್ದರ ಲೆಕ್ಕ ಬಗೆಹರಿಯುವುದಿಲ್ಲ. ಮಗಳನ್ನು ಸುಳ್ಳು ಆಣೆಯಿಂದ ಉಳಿಸಿದೆ ಎಂಬ ನೆಮ್ಮದಿ ಒಂದು ಕಡೆ, ಮಗಳ ಬದುಕನ್ನು ತನ್ನ ಬಾಯಾರೆ ಕಳೆದೆ ಎಂಬ ಸಂಕಟ ಇನ್ನೊಂದು ಕಡೆ. ಮನೆಗೆ ಹೋದವರನ್ನೆಲ್ಲ ಹಿಡಿದು ಕೂರಿಸಿ, "ನಾ ಹೇಳ್ದಿದ್ರೂ ಅವ್ರಿಗೆ ತಿಳೀತಿತ್ತಲ್ಲ? ಎಂಗೂ ಹೆಸರು ಹೊರಗೆ ಬರ್ತಿತ್ತಲ್ಲ?" ಎಂದು ಕೇಳುತ್ತಾಳೆ. ನಾವು ಏನೋ ಒಂದು ಹೇಳಿ ಮಾತು ಮರೆಸುತ್ತೇವೆ. ಅವಳು ಊಟ ಬಿಟ್ಟಿದ್ದಳು, ಒಣಗಿದ ತೆಂಗಿನ ಗರಿಯ ಹಾಗೆ ಆಗಿದ್ದಳು.

ಹೋದ ತಿಂಗಳು ನಾನು ಅಲ್ಲಿದ್ದಾಗಲೇ ಜೆಯರಾಜ್ ಫೋನ್ ಬಂತು. ಅಕ್ಕ ನನಗೆ ಕೇಳಿಸಲೆಂದು ಫೋನನ್ನು ನಮ್ಮಿಬ್ಬರ ಕಿವಿಗಳ ನಡುವೆ ಹಿಡಿದಳು. ದೊಡ್ಡಮ್ಮ ಒಳಗೆ ಕೊತ್ತಂಬರಿ ಸೋಸುತ್ತಿದ್ದಳು. ಆಸ್ಪತ್ರೆಯನ್ನು ಸದ್ಯಕ್ಕೆ ವಿಮೆಯಿಂದ ಹೊರಗೆ ಹಾಕಿದ್ದಾರೆ, ಹೆಂಗಸರು ಹಿಂದೆ ಸರಿದದ್ದರಿಂದ ಉಳಿದ ಕೇಸು ನಿಧಾನವಾಗುತ್ತದೆ, ಆದರೆ ಲಕ್ಷ್ಮಿಯಮ್ಮಾಳ್ ಹೆಸರಿನಲ್ಲಿ ಮಾಡಿದ್ದು ಸುಳ್ಳು ಎಂದು ಸಾಬೀತಾಗಿದೆ ಎಂದರು. ಆಮೇಲೆ ಅವರು ಇಷ್ಟು ಹೇಳಿದರು: "ಅವರ ವಕೀಲರು ಎರಡು ಸಲ ಕೇಳಿದರಮ್ಮಾ, ದೂರು ಕೊಟ್ಟದ್ದು ಯಾರು ಎಂದು. ನಾವು ಕೊಡಲಿಲ್ಲ. ನಮ್ಮ ಯಾವ ಕಾಗದದಲ್ಲೂ ನಿಮ್ಮ ಹೆಸರಿಲ್ಲ. ನಮ್ಮ ಕ‌ಡೆಯಿಂದ ಅದು ಎಂದಿಗೂ ಹೊರಗೆ ಬರುತ್ತಿರಲಿಲ್ಲ."

"ಸರಿಂಗ ಸಾರ್. ನನ್ರಿ" ಎಂದು ಧನ್ಯವಾದ ಹೇಳಿ ಅಕ್ಕ ಫೋನ್ ಇಟ್ಟಳು.

"ಯಾರು ಕಣ್ಣು?" ಎಂದು ದೊಡ್ಡಮ್ಮ ಒಳಗಿಂದಲೇ ಕೇಳಿದಳು.

"ಆ ಆಪೀಸರ್ ಅಮ್ಮಾ."

ದೊಡ್ಡಮ್ಮ ಕೊತ್ತಂಬರಿ ಕಟ್ಟನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದಳು. "ಕೇಳ್ದೇನೇ? ಹೆಸರು ಅವ್ರಿಗೆ ಸಿಕ್ಕಿತ್ತಾ? ನಾ ಹೇಳ್ದಿದ್ರೂ?"

ಅಕ್ಕ ನನ್ನ ಕಡೆ ನೋಡಿದಳು. ಬಾಯಿ ತೆರೆಯಬೇಡ ಎಂಬ ನೋಟ ಅದು. ಚಿಕ್ಕಂದಿನಿಂದ ಅದು ನನಗೆ ಗೊತ್ತು.

"ಸಿಕ್ಕಿತ್ತಮ್ಮಾ. ನೀ ಹೇಳೋಕ್ಕೆ ಮೊದ್ಲೇ ಸಿಕ್ಕಿತ್ತಂತೆ. ನೀ ಸುಮ್ನಿದ್ರೂ ಬಂದೇ ಬರ್ತಿತ್ತು."

"ಸತ್ಯಂ?"

"ಸತ್ಯಂ ಅಮ್ಮಾ."

ದೊಡ್ಡಮ್ಮನಿಗೆ ಅಷ್ಟು ಸಾಲಲಿಲ್ಲ. ಅಲ್ಲೇ ನೆಲಕ್ಕೆ ಕೂತು, ಮುಸುಕು ಸರಿಸಿ, ನರೆತ ತಲೆಯನ್ನು ಮಗಳ ಮುಂದೆ ಬಗ್ಗಿಸಿದಳು. "ಅಂಗಾರೆ ನನ್ನ ತಲೆ ಮುಟ್ಟಿ ಹೇಳು."

ಅಕ್ಕ ಒಂದು ಗಳಿಗೆಯೂ ತಡಮಾಡಲಿಲ್ಲ. ತಾಯಿಯ ನೆತ್ತಿಯ ಮೇಲೆ ಅಂಗೈ ಇಟ್ಟು, ನಾ ಹೇಳಿದ್ದೆಲ್ಲ ಸತ್ಯಂ ಎಂದಳು. ಕೈ ತೆಗೆದ ಮೇಲೆ ಅಡುಗೆಮನೆಗೆ ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತಳು. ದೊಡ್ಡಮ್ಮ ಆ ಮಧ್ಯಾಹ್ನ ಹೊಟ್ಟೆ ತುಂಬ ಉಂಡಳು.